400 ಪಟ್ಟಿನಲ್ಲಿ ನ್ಯೂಕ್ಲಿಯಸ್ ಕಾಣುತ್ತೆ, ಮೈಟೊಕಾಂಡ್ರಿಯ ಯಾಕೆ ಕಾಣಲ್ಲ?

ಕುತೂಹಲಿ_27:
ಎಲ್ಲರಿಗೂ ನಮಸ್ಕಾರ. ಮೈಕ್ರೋಸ್ಕೋಪ್‌ನಲ್ಲಿ ಸ್ಲೈಡ್ ಕಡೆಯ ಮಸೂರಗಳಾದ 4, 10, 40, 100 ಆಬ್ಜೆಕ್ಟಿವ್‌ಗಳಿವೆ, ಕಣ್ಣಿಡುವ ಮಸೂರ, ಅಂದರೆ ಐಪೀಸ್ 10ಎಕ್ಸ್. ಈರುಳ್ಳಿ ಪೊರೆಗೆ ಅಯೋಡಿನ್ ಹಾಕಿ 400 ಪಟ್ಟಿನಲ್ಲಿ ನೋಡಿದರೆ ಕೋಶಭಿತ್ತಿ, ನ್ಯೂಕ್ಲಿಯಸ್ ಎರಡೂ ಕಾಣುತ್ತವೆ. ಉಳಿದದ್ದೆಲ್ಲ ಖಾಲಿ ಖಾಲಿ. 100ಎಕ್ಸ್‌ಗೆ ತಿರುಗಿಸಿದರೆ ಬರೀ ಮಂಜು. 16ಎಕ್ಸ್ ಐಪೀಸ್ ಹಾಕಿದರೆ 1600 ಪಟ್ಟು ಆಗುತ್ತಲ್ಲ, ಆಗಲಾದರೂ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಕಾಣುತ್ತಾ?

ಹರಳುಗಾಜು:
ಕಾಣಲ್ಲ. ಐಪೀಸ್ ಕೊಳ್ಳಬೇಡಿ.

ಎಣ್ಣೆತೊಟ್ಟು:
100ಎಕ್ಸ್‌ಗೆ ಎಣ್ಣೆ ಹಾಕಿದ್ರಾ? ಮಂಜು ಅಂದ ತಕ್ಷಣ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಕುತೂಹಲಿ_27:
ಇಲ್ಲ. ಎಣ್ಣೆ ಬೇಕೇ ಬೇಕಾ?

ಎಣ್ಣೆತೊಟ್ಟು:
ಬೇಕೇ ಬೇಕು. ಆಬ್ಜೆಕ್ಟಿವ್ ಮೇಲೆ 1.25 ಅಂತ ಕೆತ್ತಿರುತ್ತೆ ನೋಡಿ. ಅದು ಮಸೂರ ಎಷ್ಟು ಓರೆಯ ಬೆಳಕನ್ನು ಹಿಡಿಯುತ್ತೆ ಅನ್ನೋದರ ಅಳತೆ, ನ್ಯೂಮರಿಕಲ್ ಅಪರ್ಚರ್, ಎನ್‌ಎ. ಗಾಳಿಯ ವಕ್ರೀಭವನಾಂಕ (ಬೆಳಕನ್ನು ಬಗ್ಗಿಸುವ ಅಳತೆ) 1 ಆದ್ದರಿಂದ ಮಸೂರಕ್ಕೂ ಗಾಜಿಗೂ ನಡುವೆ ಗಾಳಿ ಇದ್ದರೆ ಎನ್‌ಎ 1 ದಾಟೋದೇ ಇಲ್ಲ. ಓರೆಯಾಗಿ ಬರುವ ಕಿರಣಗಳು ಮಾದರಿಯನ್ನು ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್‌ನ ಮೇಲ್ಮೈಯಿಂದಲೇ ಒಳಕ್ಕೆ ವಾಪಸ್. ಎಣ್ಣೆಯ ವಕ್ರೀಭವನಾಂಕ 1.515, ಗಾಜಿನದ್ದೂ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಬೆಳಕಿಗೆ ಎರಡೂ ಒಂದೇ ತುಂಡು ಇದ್ದ ಹಾಗೆ. ಒಂದೇ ಒಂದು ಸಣ್ಣ ತೊಟ್ಟು ಸಾಕು. ಅಡುಗೆ ಎಣ್ಣೆ, ಯಂತ್ರದ ಎಣ್ಣೆ ಏನೂ ನಡೆಯಲ್ಲ, ಇಮ್ಮರ್ಶನ್ ಆಯಿಲ್ಲೇ ಆಗಬೇಕು.

ಹರಳುಗಾಜು:
ಐಪೀಸ್ ಯಾಕೆ ಬೇಡ ಅಂದೆ ಅನ್ನೋದಕ್ಕೆ ಲೆಕ್ಕ ಕೊಡ್ತೀನಿ. ಎರಡು ಚುಕ್ಕಿಗಳು ಎರಡಾಗಿ ಕಾಣಬೇಕಾದರೆ ನಡುವೆ ಕನಿಷ್ಠ ಎಷ್ಟು ದೂರ ಇರಬೇಕು ಅನ್ನೋದನ್ನ ಎರ್ನ್‌ಸ್ಟ್ ಅಬ್ಬೆ 1873ರಲ್ಲೇ ಹೇಳಿಟ್ಟಿದ್ದಾರೆ. ಬೆಳಕಿನ ತರಂಗಾಂತರವನ್ನು ಎನ್‌ಎಯ ಎರಡರಷ್ಟರಿಂದ ಭಾಗಿಸಿ. ಹಸಿರು ಬೆಳಕು 550 ನ್ಯಾನೋಮೀಟರ್ ಅಂತಿಟ್ಟುಕೊಂಡರೆ:

10ಎಕ್ಸ್, ಎನ್‌ಎ 0.25: ಸುಮಾರು 1.1 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ)
40ಎಕ್ಸ್, ಎನ್‌ಎ 0.65: ಸುಮಾರು 0.42 ಮೈಕ್ರಾನ್
100ಎಕ್ಸ್ ಎಣ್ಣೆ, ಎನ್‌ಎ 1.25: 0.22 ಮೈಕ್ರಾನ್

ಈ ಲೆಕ್ಕದಲ್ಲಿ ಐಪೀಸ್‌ಗೆ ಜಾಗವೇ ಇಲ್ಲ. ಆಬ್ಜೆಕ್ಟಿವ್ ಹಿಡಿದುಕೊಟ್ಟ ವಿವರವನ್ನು ಅದು ಹಿಗ್ಗಿಸುತ್ತೆ, ಅಷ್ಟೇ ಅದರ ಕೆಲಸ. ಎನ್‌ಎಯನ್ನು 500ರಿಂದ ಗುಣಿಸಿದರೆ ಉಪಯುಕ್ತ ವರ್ಧನೆಯ ಕೆಳಮಿತಿ, 1000ದಿಂದ ಗುಣಿಸಿದರೆ ಮೇಲ್ಮಿತಿ. 1.25ಕ್ಕೆ ಮೇಲ್ಮಿತಿ 1250. 1600 ಅಂದರೆ ಅದೇ ಮಸುಕು ಇನ್ನೂ ದಪ್ಪಗೆ, ಇನ್ನೂ ಕತ್ತಲಾಗಿ ಕಾಣುತ್ತೆ.

ಸೂಜಿಮೊನೆ:
ಲೆಕ್ಕವೇನೋ ಸರಿ, ಹರಳುಗಾಜು ಅವರೇ. ಆದರೆ ಮೈಟೊಕಾಂಡ್ರಿಯದ ದಪ್ಪ 0.5ರಿಂದ 1 ಮೈಕ್ರಾನ್. ನಿಮ್ಮದೇ ಲೆಕ್ಕದಲ್ಲಿ 40ಎಕ್ಸ್‌ಗೆ ಅದು ಸಿಗಬೇಕು. ಸಿಗ್ತಾ ಇಲ್ಲ ಅಂದರೆ ತೊಡಕು ವಿಭೇದನದ್ದಲ್ಲ, ಅಂದರೆ ಚುಕ್ಕಿಗಳನ್ನು ಬೇರೆಬೇರೆಯಾಗಿ ತೋರಿಸೋದರದ್ದಲ್ಲ, ಕಾಂಟ್ರಾಸ್ಟ್‌ದು. ಮೈಟೊಕಾಂಡ್ರಿಯಕ್ಕೆ ಬಣ್ಣ ಇಲ್ಲ, ಸುತ್ತಲ ಕೋಶದ್ರವ್ಯಕ್ಕೂ ಬಣ್ಣ ಇಲ್ಲ, ಎರಡರ ವಕ್ರೀಭವನಾಂಕವೂ ಹತ್ತಿರ ಹತ್ತಿರ. ನೀರಲ್ಲಿ ಬಿದ್ದ ಗಾಜಿನ ಚೂರು ಹುಡುಕಿದ ಹಾಗೆ.

ಇನ್ನೊಂದು ವಿಷಯ. ಅಯೋಡಿನ್ ಹಾಕಿದ್ರಲ್ಲ, ಅಲ್ಲಿಗೆ ಕೋಶ ಸತ್ತಿತು. ಒಳಗಿನ ಓಡಾಟ ನಿಂತಿತು, ಕೋಶದ್ರವ್ಯ ಮುದುಡಿತು. ನ್ಯೂಕ್ಲಿಯಸ್ ನೋಡಲು ಅಯೋಡಿನ್ ಒಳ್ಳೆಯದು, ಮೈಟೊಕಾಂಡ್ರಿಯ ಬೇಕಾದರೆ ಬಣ್ಣ ಹಾಕದ ಜೀವಂತ ಪೊರೆಯೇ ಬೇಕು.

ಕುತೂಹಲಿ_27:
ಒಳಗೆ ಖಾಲಿ ಕಾಣೋದೂ ಅದಕ್ಕೇನಾ?

ಎಲೆಹಸಿರು:
ಅದಕ್ಕೆ ಬೇರೆ ಕಾರಣ ಇದೆ. ಬೆಳೆದ ಈರುಳ್ಳಿ ಕೋಶದ ಬಹುಪಾಲು ಒಂದೇ ದೊಡ್ಡ ರಸದಾನಿ, ಅಂದರೆ ನೀರು ತುಂಬಿದ ಚೀಲ. ಕೋಶದ್ರವ್ಯ ಗೋಡೆಗೆ ಬಳಿದ ಸುಣ್ಣದಷ್ಟು ತೆಳು, ಅಲ್ಲಲ್ಲಿ ರಸದಾನಿಯನ್ನು ಹಾದುಹೋಗುವ ಎಳೆಗಳು, ಅಷ್ಟೇ. 40ಎಕ್ಸ್‌ನಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 1 ಮೈಕ್ರಾನ್ ದಪ್ಪದ್ದು. ಕೋಶದ ನಡುಮಟ್ಟಕ್ಕೆ ಫೋಕಸ್ ಮಾಡಿದರೆ ಕಾಣುವುದು ರಸದಾನಿಯ ನೀರು. ಮೇಲಿನ ಗೋಡೆ ಸ್ಪಷ್ಟವಾಗುವ ತನಕ ಫೋಕಸ್ ಎತ್ತಿ, ಅಲ್ಲಿಂದ ಸಣ್ಣ ನಾಬನ್ನು ಕೂದಲೆಳೆಯಷ್ಟು ಕೆಳಗೆ ತಿರುಗಿಸಿ ನಿಲ್ಲಿಸಿ. ಕೋಶದ್ರವ್ಯ ಇರೋದು ಅಲ್ಲಿ. ನೋಡುವಷ್ಟು ಹೊತ್ತೂ ಸಣ್ಣ ನಾಬ್ ಮೇಲಿನ ಬೆರಳು ಆಡ್ತಾನೇ ಇರಲಿ.

ಮತ್ತೆ, ಗಡ್ಡೆಯ ಎಸಳಲ್ಲಿ ಹಸಿರು ಹುಡುಕಬೇಡಿ. ನೆಲದೊಳಗಿನ ಎಸಳಿಗೆ ಕ್ಲೋರೊಪ್ಲಾಸ್ಟ್ ಇಲ್ಲ. ಪಿಷ್ಟವೂ ಇಲ್ಲವೆಂದೇ ಹೇಳಬೇಕು, ಅದಕ್ಕೇ ಅಯೋಡಿನ್‌ಗೆ ಕಪ್ಪುನೀಲಿ ಬಾರದೆ ಬರೀ ಹಳದಿ ಬರೋದು.

ಕನ್ನಡಿಮೂಲೆ:
ಎಲ್ಲರೂ ಕಂಡೆನ್ಸರ್ ಮರೆತಿದ್ದೀರಿ. ಸ್ಟೇಜ್ ಕೆಳಗೆ ಒಂದು ಮಸೂರ ಇದೆಯಲ್ಲ, ಅದು ಎಲ್ಲಿದೆ? ಪೂರ್ತಿ ಕೆಳಗೆ ಇಳಿದಿದ್ದರೆ ಯಾವ ಆಬ್ಜೆಕ್ಟಿವ್ ಹಾಕಿದರೂ ದಂಡ.

ಕುತೂಹಲಿ_27:
ಕೆಳಗೇ ಇದೆ. ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂತ ಇಳಿಸಿದ್ದು. ಅದರ ಕಿಂಡಿಯನ್ನೂ ಸಣ್ಣದು ಮಾಡಿದ್ದೇನೆ.

ಕನ್ನಡಿಮೂಲೆ:
ಸಿಕ್ಕಿತಲ್ಲ ಕಳ್ಳ!

ಕಿಂಡಿ ಇರೋದು ಬೆಳಕು ಕಡಿಮೆ ಮಾಡೋಕಲ್ಲ. ಬೆಳಕು ಜಾಸ್ತಿ ಅನ್ನಿಸಿದರೆ ದೀಪದ ಗುಂಡಿ ತಿರುಗಿಸಿ. ಕಿಂಡಿ ಮುಚ್ಚಿದರೆ ಕಂಡೆನ್ಸರ್‌ನ ಎನ್‌ಎ ಕುಗ್ಗುತ್ತೆ. ಅಬ್ಬೆಯ ಲೆಕ್ಕದಲ್ಲಿ ಎನ್‌ಎಯ ಎರಡರಷ್ಟು ಅಂತ ಇದೆಯಲ್ಲ, ಅದು ನಿಜವಾಗಿ ಆಬ್ಜೆಕ್ಟಿವ್‌ನ ಎನ್‌ಎ ಕೂಡಿಸು ಕಂಡೆನ್ಸರ್‌ನ ಎನ್‌ಎ. ಕಂಡೆನ್ಸರ್ 0.2ಕ್ಕೆ ಇಳಿದರೆ 0.65ರ ಆಬ್ಜೆಕ್ಟಿವ್‌ಗೂ 0.42 ಮೈಕ್ರಾನ್ ಬದಲು 0.65 ಮೈಕ್ರಾನ್ ಮಾತ್ರ ಸಿಗುತ್ತೆ. ಜೊತೆಗೆ ಪ್ರತಿ ಅಂಚಿಗೂ ದಪ್ಪ ಕಪ್ಪು ಗೆರೆ. ಅದು ನೋಡೋಕೆ ಸ್ಪಷ್ಟ ಅನ್ನಿಸುತ್ತೆ, ಆದರೆ ಸುಳ್ಳು ಸ್ಪಷ್ಟತೆ.

ಹೀಗೆ ಮಾಡಿ. ಕಂಡೆನ್ಸರನ್ನು ಮೇಲಕ್ಕೆ ತನ್ನಿ, ಸ್ಲೈಡಿನ ತಳಕ್ಕೆ ಒಂದೆರಡು ಮಿಲಿಮೀಟರ್ ಉಳಿಯುವಷ್ಟು. 40ಎಕ್ಸ್‌ನಲ್ಲಿ ಫೋಕಸ್ ಮಾಡಿ ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ. ಬೆಳಕಿನ ಬಿಲ್ಲೆ ಕಾಣುತ್ತೆ. ಕಿಂಡಿ ಪೂರ್ತಿ ತೆರೆದು, ಅದರ ಅಂಚು ಬಿಲ್ಲೆಯೊಳಗೆ ಬಂದು ಮುಕ್ಕಾಲು ಭಾಗ ಉಳಿಯುವ ತನಕ ಮುಚ್ಚುತ್ತಾ ಬನ್ನಿ. ಐಪೀಸ್ ವಾಪಸ್ ಹಾಕಿ. ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಹರಳುಗಾಜು:
ದೀಪದ ಮುಂದೆಯೂ ಒಂದು ಕಿಂಡಿ ಇರುವ ಯಂತ್ರವಾದರೆ ಪೂರ್ತಿ ಕೋಹ್ಲರ್ ವಿಧಾನವನ್ನೇ ಮಾಡಿ. ಆಗಸ್ಟ್ ಕೋಹ್ಲರ್ 1893ರಲ್ಲಿ ಹೇಳಿದ್ದು, ಇವತ್ತಿಗೂ ಅದೇ. ಕೆಳಗಿನ ಕಿಂಡಿ ಮುಚ್ಚಿ, ಅದರ ಅಂಚು ಚಿತ್ರದಲ್ಲಿ ಚೂಪಾಗಿ ಕಾಣುವ ತನಕ ಕಂಡೆನ್ಸರ್ ಎತ್ತರ ಸರಿಮಾಡಿ, ಸ್ಕ್ರೂಗಳಿಂದ ನಡುವಿಗೆ ತಂದು, ಅಂಚು ದೃಷ್ಟಿಕ್ಷೇತ್ರದಿಂದ ಈಗಷ್ಟೇ ಮರೆಯಾಯಿತು ಅನ್ನುವಷ್ಟು ತೆರೆಯಿರಿ.

ತಿಳಿನೀರು:
ಕಿಂಡಿ ಯಾವಾಗಲೂ ಮುಕ್ಕಾಲು ಅನ್ನೋದನ್ನ ವೇದವಾಕ್ಯ ಮಾಡಬೇಡಿ. ಬಣ್ಣ ಹಾಕಿದ ಸ್ಲೈಡ್‌ಗೆ ಸರಿ. ಬಣ್ಣವಿಲ್ಲದ ಅಮೀಬಾವನ್ನು ಮುಕ್ಕಾಲು ಕಿಂಡಿಯಲ್ಲಿ ನೋಡಿದರೆ ಸಿಗೋದೇ ಇಲ್ಲ. ಆಗ ಇನ್ನಷ್ಟು ಮುಚ್ಚಲೇಬೇಕು, ವಿಭೇದನ ಕಳೆದುಕೊಂಡು ಕಾಂಟ್ರಾಸ್ಟ್ ಕೊಂಡುಕೊಳ್ಳೋದು.

ಕನ್ನಡಿಮೂಲೆ:
ಒಪ್ಪಿದೆ. ಆದರೆ ಅದಕ್ಕಿಂತ ಒಳ್ಳೆಯ ದಾರಿ ಓರೆ ಬೆಳಕು. ಕಂಡೆನ್ಸರ್ ಕೆಳಗಿನ ಫಿಲ್ಟರ್ ತಟ್ಟೆಯಲ್ಲಿ ಕಪ್ಪು ರಟ್ಟಿನ ತುಂಡಿಟ್ಟು ಅರ್ಧ ಭಾಗ ಮುಚ್ಚಿ, ಮೇಲಿನ ಕಿಂಡಿ ಪೂರ್ತಿ ತೆರೆದಿರಲಿ. ರಟ್ಟನ್ನು ಮೆಲ್ಲಗೆ ಸರಿಸ್ತಾ ಹೋದರೆ ಒಂದು ಹಂತದಲ್ಲಿ ಎಲ್ಲವೂ ಉಬ್ಬುಚಿತ್ರದ ಹಾಗೆ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳಾಗಿ ಎದ್ದು ನಿಲ್ಲುತ್ತೆ. ಉಬ್ಬು ನಿಜವಾದ ಎತ್ತರ ಅಲ್ಲ, ವಕ್ರೀಭವನಾಂಕದ ಏರಿಳಿತ ಅಷ್ಟೇ.

ರಟ್ಟಿನ ಬದಲು ನಟ್ಟನಡುವೆ ಒಂದು ಕಪ್ಪು ಬಿಲ್ಲೆ ಇಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಮಾದರಿ ಹೊಳೆಯುವ ಡಾರ್ಕ್‌ಫೀಲ್ಡ್. 10ಎಕ್ಸ್‌ಗೆ 15ರಿಂದ 20 ಮಿಲಿಮೀಟರ್ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು ನೋಡಿ, ಹಿನ್ನೆಲೆ ಪೂರ್ತಿ ಕಪ್ಪಾಗುವ ಅತಿ ಸಣ್ಣ ಬಿಲ್ಲೆಯೇ ಸರಿಯಾದದ್ದು. ಎಣ್ಣೆ ಆಬ್ಜೆಕ್ಟಿವ್‌ಗೆ ಈ ಉಪಾಯ ನಡೆಯಲ್ಲ.

ಸೂಜಿಮೊನೆ:
ವಕ್ರೀಭವನಾಂಕದ ವ್ಯತ್ಯಾಸವನ್ನೇ ಬೆಳಕು-ಕತ್ತಲಾಗಿ ತೋರಿಸುವ ಫೇಸ್ ಕಾಂಟ್ರಾಸ್ಟ್ ಇದ್ದರೆ ರಟ್ಟಿನ ಗೋಜೇ ಇಲ್ಲ. ಫ್ರಿಟ್ಸ್ ಜರ್ನಿಕೆಗೆ 1953ರ ಭೌತಶಾಸ್ತ್ರದ ನೊಬೆಲ್ ಕೊಟ್ಟಿದ್ದು ಸುಮ್ಮನೆ ಅಲ್ಲ. ಬಣ್ಣ ಹಾಕದೆ ಜೀವಂತ ಕೋಶದೊಳಗೆ ನೋಡೋಕೆ ದಾರಿ ಮಾಡಿಕೊಟ್ಟವರು ಅವರು.

ಅಂಚಿನ_ಗೆರೆ:
ಒಂದು ಎಚ್ಚರಿಕೆ. ಓರೆ ಬೆಳಕಿನಲ್ಲಿ ಈರುಳ್ಳಿ ಕೋಶ ನೋಡಿದರೆ ಮಿನುಗುವ ದುಂಡನೆ ಚುಕ್ಕಿಗಳು ಸಾಲಾಗಿ ಓಡಾಡೋದು ಮೊದಲು ಕಣ್ಣಿಗೆ ಬೀಳುತ್ತೆ. 'ಮೈಟೊಕಾಂಡ್ರಿಯ ಸಿಕ್ಕಿತು' ಅಂತ ಹತ್ತರಲ್ಲಿ ಒಂಬತ್ತು ಜನ ಕೂಗೋದು ಅಲ್ಲೇ. ಅವು ಸ್ಫೀರೋಸೋಮ್, ಅಂದರೆ ಎಣ್ಣೆ ಹನಿಗಳು. ಸುಮಾರು 1 ಮೈಕ್ರಾನ್, ಪೂರ್ತಿ ದುಂಡು, ಫೋಕಸ್ ಸ್ವಲ್ಪ ಆಡಿಸಿದರೆ ಪಳಪಳ ಹೊಳೆಯುತ್ತವೆ. ಮೈಟೊಕಾಂಡ್ರಿಯ ಮಂಕು ಬೂದು ಬಣ್ಣದ ಸಣ್ಣ ಕಡ್ಡಿ ಅಥವಾ ಹುಳುವಿನಂಥ ದಾರ. ಹೊಳೆಯಲ್ಲ, ಬಾಗುತ್ತೆ, ಆಕಾರ ಬದಲಿಸುತ್ತೆ. ಹೊಳೆಯೋದನ್ನು ಬಿಟ್ಟು ಮಂಕಾದದ್ದನ್ನು ಹುಡುಕಿ.

ಎಲೆಹಸಿರು:
ಕೆನ್ನೆಯ ಒಳಪೊರೆಯ ಕೋಶಕ್ಕೂ ಇದೇ ಗತಿ. ಮೆಥಿಲೀನ್ ಬ್ಲೂ ಹಾಕಿದ ಮೇಲೆ ಕೋಶದ ಮೇಲೆ ಕಡುನೀಲಿ ಚುಕ್ಕಿಗಳು ಕಂಡರೆ ಅವು ಬಾಯಿಯ ಬ್ಯಾಕ್ಟೀರಿಯಾ. ಕೋಶದ ಹೊರಗಿನ ನೀರಿನಲ್ಲೂ ಅಂಥವೇ ಇವೆಯಾ ನೋಡಿ, ಇದ್ದರೆ ಅನುಮಾನವೇ ಬೇಡ. ಬಣ್ಣ 0.1 ಶೇಕಡಾ ಸಾಕು. 1 ಶೇಕಡಾ ಹಾಕಿದರೆ ಎಲ್ಲವೂ ಮಸಿ.

ಹೊಸಬ_ನೋಡುಗ:
ಜೇನಸ್ ಗ್ರೀನ್ ಬಿ ಹಾಕಿದರೆ ಮೈಟೊಕಾಂಡ್ರಿಯಕ್ಕೆ ಬಣ್ಣ ಬರುತ್ತಂತಲ್ಲ?

ಸೂಜಿಮೊನೆ:
ಬರುತ್ತೆ, ಕೋಶ ಜೀವಂತ ಇರುವ ತನಕ ಮಾತ್ರ. ಆ ಬಣ್ಣ ಕೋಶದ ಬೇರೆಡೆಯಲ್ಲಿ ಅಪಕರ್ಷಣೆಯಾಗಿ ಬಣ್ಣಗೆಡುತ್ತೆ, ಮೈಟೊಕಾಂಡ್ರಿಯದ ಒಳಗೆ ಸೈಟೊಕ್ರೋಮ್ ಆಕ್ಸಿಡೇಸ್ ಅನ್ನೋ ಕಿಣ್ವ ಅದನ್ನು ಉತ್ಕರ್ಷಿತ ಸ್ಥಿತಿಯಲ್ಲೇ ಇಡೋದರಿಂದ ನೀಲಿಹಸಿರು ಉಳಿಯುತ್ತೆ. 0.01 ಶೇಕಡಾ ಅಥವಾ ಅದಕ್ಕೂ ತೆಳು ದ್ರಾವಣ. ಗಾಢವಾದರೆ ಅದೇ ವಿಷ, ನ್ಯೂಕ್ಲಿಯಸ್ಸಿಗೂ ಬಣ್ಣ ಹತ್ತಿ ಕೋಶ ಸಾಯುತ್ತೆ. ಕವರ್ ಸ್ಲಿಪ್ ಅಡಿ ಆಮ್ಲಜನಕ ಮುಗಿದರೂ ಬಣ್ಣ ಹೋಗುತ್ತೆ, ಹಾಗಾಗಿ ಮೊದಲು ಅಂಚಿನ ಹತ್ತಿರದ ಕೋಶಗಳನ್ನು ನೋಡಿ.

ತೊಟ್ಟಿಲು_ಗಾಜು:
ಇಷ್ಟೆಲ್ಲ ದೊಡ್ಡ ಮಾತಿಗೆ ಮುಂಚೆ ಸ್ಲೈಡ್ ಸರಿ ಇದೆಯಾ ನೋಡಿ ಮಾರಾಯ್ರೆ. ಎಸಳಿನ ಒಳಬದಿಯ, ಅಂದರೆ ತಗ್ಗು ಬದಿಯ ಪೊರೆ ಬೇಕು. ಬ್ಲೇಡಿನಿಂದ ಅಲ್ಲೇ 5 ಮಿಲಿಮೀಟರ್ ಚೌಕಗಳ ಗೀರು ಹಾಕಿ ಆಮೇಲೆ ಚಿಮಟದಿಂದ ಎಬ್ಬಿಸಿ. ದೊಡ್ಡ ಪೊರೆ ಎಳೆದು ಆಮೇಲೆ ಕತ್ತರಿಸಲು ಹೋದರೆ ಸುರುಳಿ ಸುತ್ತಿಕೊಳ್ಳುತ್ತೆ. ಗಾಳಿಗೆ ಬಿಡದೆ ತಕ್ಷಣ ನೀರಿಗೆ. ಕವರ್ ಸ್ಲಿಪ್‌ನ ಒಂದು ಅಂಚನ್ನು ನೀರಿಗೆ ತಾಗಿಸಿ ಸುಮಾರು 45 ಡಿಗ್ರಿಯಲ್ಲಿ ಹಿಡಿದು ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿ. ಬೀಳಿಸಿದರೆ ಗುಳ್ಳೆ ಗ್ಯಾರಂಟಿ. ದಪ್ಪ ಕಪ್ಪು ಅಂಚಿನ, ಕಂಪಾಸ್ ಇಟ್ಟು ಬರೆದಂಥ ದುಂಡು ಕಂಡರೆ ಅದು ಗುಳ್ಳೆ, ಕೋಶ ಅಲ್ಲ.

ನೀರು ಎಷ್ಟು ಅನ್ನೋದೂ ಮುಖ್ಯ. 22 ಮಿಲಿಮೀಟರ್ ಚೌಕದ ಕವರ್ ಸ್ಲಿಪ್ ಅಡಿ ಡ್ರಾಪರ್‌ನ ಒಂದು ತೊಟ್ಟು, ಅಂದರೆ ಸುಮಾರು 0.05 ಮಿಲಿಲೀಟರ್, 0.1 ಮಿಲಿಮೀಟರ್ ದಪ್ಪದ ನೀರಿನ ಪದರ ಆಗುತ್ತೆ. ಪೊರೆ ಅದರ ತಳದಲ್ಲಿ ಕೂತರೆ ಆಬ್ಜೆಕ್ಟಿವ್ ಅಷ್ಟು ನೀರಿನ ಮೂಲಕ ನೋಡಬೇಕು, ಚಿತ್ರ ಹಾಳು. ಒತ್ತುಕಾಗದದ ಮೂಲೆಯಿಂದ ಹೆಚ್ಚಿನ ನೀರು ಹೀರಿ ತೆಗೆಯಿರಿ.

ಹರಳುಗಾಜು:
ಕವರ್ ಸ್ಲಿಪ್‌ನ ದಪ್ಪವೂ. ಆಬ್ಜೆಕ್ಟಿವ್ ಮೇಲೆ 160/0.17 ಅಂತಲೋ, ಅನಂತ ಚಿಹ್ನೆ ಹಾಕಿ 0.17 ಅಂತಲೋ ಇರುತ್ತೆ. 0.17 ಮಿಲಿಮೀಟರ್ ಗಾಜಿಗೆಂದೇ ಅದನ್ನು ರೂಪಿಸಿರೋದು. ಡಬ್ಬಿಯ ಮೇಲೆ ನಂಬರ್ 1.5 ಅಂತಿದ್ದರೆ 0.16ರಿಂದ 0.19, ಅದನ್ನೇ ತಗೊಳ್ಳಿ. 4 ಮತ್ತು 10ಎಕ್ಸ್‌ಗೆ ವ್ಯತ್ಯಾಸ ಗೊತ್ತಾಗಲ್ಲ, 40ಕ್ಕೆ ಗೊತ್ತಾಗುತ್ತೆ.

ಎಣ್ಣೆತೊಟ್ಟು:
10ರಲ್ಲಿ ಫೋಕಸ್ ಆಗುತ್ತೆ, 40ರಲ್ಲಿ ಏನು ಮಾಡಿದರೂ ಆಗಲ್ಲ ಅಂದರೆ ಸ್ಲೈಡ್ ತಲೆಕೆಳಗಾಗಿದೆ. ಸ್ಲೈಡಿನ ಗಾಜು 1 ಮಿಲಿಮೀಟರ್‌ಗಿಂತ ದಪ್ಪ, 40ರ ಮಸೂರಕ್ಕೂ ಮಾದರಿಗೂ ನಡುವೆ ಅಷ್ಟು ಜಾಗವೇ ಇರಲ್ಲ. ಒತ್ತಿ ಒತ್ತಿ ಮಸೂರ ಗೀರಬೇಡಿ.

ಕೆರೆಯಂಗಳ:
ಕೊಳದ ನೀರಿನಲ್ಲಿ ಬ್ಯಾಕ್ಟೀರಿಯಾ ಈಜೋದು 400ರಲ್ಲೇ ಚೆನ್ನಾಗಿ ಕಾಣುತ್ತೆ. ಮೈಟೊಕಾಂಡ್ರಿಯ ಬಿಟ್ಟು ಅದನ್ನು ನೋಡಿ, ಇಡೀ ಕ್ಷೇತ್ರ ಕುಣೀತಾ ಇರುತ್ತೆ.

ಅಂಚಿನ_ಗೆರೆ:
ಕುಣಿದದ್ದೆಲ್ಲ ಈಜಲ್ಲ. ಇದ್ದಲ್ಲೇ ನಡುಗಿದರೆ ಅದು ಬ್ರೌನಿಯನ್ ಚಲನೆ, ನೀರಿನ ಅಣುಗಳು ಗುದ್ದೋದು. ಸತ್ತ ಬ್ಯಾಕ್ಟೀರಿಯಾವೂ ನಡುಗುತ್ತೆ, ಮಸಿಯ ಕಣವೂ ನಡುಗುತ್ತೆ. ಅಕ್ಕಪಕ್ಕದ ಕಣಗಳನ್ನು ಹಿಂದೆ ಹಾಕಿ ಒಂದು ದಿಕ್ಕಿಗೆ ಹೋದರೆ, ತಿರುಗಿ ಬಂದರೆ ಈಜು. ಎಲ್ಲವೂ ಒಟ್ಟಿಗೆ ಒಂದೇ ಕಡೆ ಸಾಗಿದರೆ ಅದು ಮೂರನೆಯದು, ಕವರ್ ಸ್ಲಿಪ್ ಅಂಚು ಒಣಗ್ತಾ ಇರೋದರಿಂದ ಆದ ಹರಿವು.

ಕೆರೆಯಂಗಳ:
ಸರಿ ಸರಿ. ಪರಾಗರೇಣು ನೀರಲ್ಲಿ ಕುಣಿಯೋದನ್ನ ಬ್ರೌನ್ ನೋಡಿದ್ದೂ ಅದೇ ತಾನೇ.

ಎಲೆಹಸಿರು:
ಪರಾಗರೇಣು ಅಲ್ಲ! ಅದು ಕಣ್ಣಿಗೆ ಕಾಣುವಷ್ಟು ಕುಣಿಯೋಕೆ ತೀರಾ ದಪ್ಪ. 1827ರಲ್ಲಿ ರಾಬರ್ಟ್ ಬ್ರೌನ್ ನೋಡಿದ್ದು ಕ್ಲಾರ್ಕಿಯಾ ಪುಲ್ಚೆಲ್ಲಾದ ಪರಾಗದ ಒಳಗಿನ ಸೂಕ್ಷ್ಮ ಕಣಗಳನ್ನು. ಜೀವ ಇರೋದಕ್ಕೇ ಕುಣೀತಿವೆಯಾ ಅಂತ ನಿರ್ಜೀವ ವಸ್ತುಗಳ ಪುಡಿಯನ್ನೂ ಹಾಕಿ ನೋಡಿದರು, ಅವೂ ಕುಣಿದವು. ಆರ್ಕಿಡ್ ಕೋಶಗಳಲ್ಲಿ ಕಂಡ ದುಂಡನೆ ಭಾಗಕ್ಕೆ 1831ರಲ್ಲಿ ನ್ಯೂಕ್ಲಿಯಸ್ ಅಂತ ಹೆಸರಿಟ್ಟವರೂ ಇದೇ ಬ್ರೌನ್.

ಕನ್ನಡಿಮೂಲೆ:
ಅವರು ಹೆಚ್ಚಾಗಿ ಬಳಸಿದ್ದು ಒಂದೇ ಮಸೂರದ ಸರಳ ಮೈಕ್ರೋಸ್ಕೋಪ್ ಅನ್ನೋದನ್ನೂ ಸೇರಿಸಿ. ಲೇವನ್‌ಹುಕ್ ಮಾಡಿದವುಗಳಲ್ಲಿ ಉಳಿದಿರುವ ಒಂದು ಮಸೂರ ಸುಮಾರು 266 ಪಟ್ಟು ಹಿಗ್ಗಿಸುತ್ತೆ. ಆತ ಬ್ಯಾಕ್ಟೀರಿಯಾ ಕಂಡು 1676ರಲ್ಲಿ ಪತ್ರ ಬರೆದದ್ದು ಅಂಥ ಒಂಟಿ ಮಸೂರಗಳಿಂದಲೇ. 1600 ಪಟ್ಟು ಬೇಕು ಅನ್ನೋರಿಗೆ ಇಷ್ಟು ಸಾಕು.

ಹೊಸಬ_ನೋಡುಗ:
ಬೇರು ತುದಿಯಲ್ಲಿ ಕೋಶವಿಭಜನೆ ನೋಡೋದು ಹೇಗೆ? ಎಷ್ಟು ಸಲ ಮಾಡಿದರೂ ಉದ್ದುದ್ದ ಕೋಶ ಮಾತ್ರ, ವರ್ಣತಂತು ಒಂದೂ ಇಲ್ಲ. ವಿಷಯ ಬೇರೆ, ಕ್ಷಮಿಸಿ.

ಸೂಜಿಮೊನೆ:
ಉದ್ದುದ್ದ ಅಂದರೆ ನೀವು ತಗೊಂಡಿದ್ದು ಹಿಗ್ಗುವ ಭಾಗ. ವಿಭಜನೆ ನಡೆಯೋದು ತುದಿಯ 1ರಿಂದ 2 ಮಿಲಿಮೀಟರ್‌ನಲ್ಲಿ ಮಾತ್ರ. ಬೇರು 2-3 ಸೆಂಟಿಮೀಟರ್ ಆದಾಗ ತುದಿಯ 1 ಸೆಂಟಿಮೀಟರ್ ಕತ್ತರಿಸಿ 3 ಪಾಲು ಈಥೈಲ್ ಆಲ್ಕೊಹಾಲ್, 1 ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲದಲ್ಲಿ 24 ಗಂಟೆ ಇಡಿ. ಆಮೇಲೆ 70 ಶೇಕಡಾ ಆಲ್ಕೊಹಾಲ್‌ನಲ್ಲಿ ಬೇಕಾದಷ್ಟು ದಿನ ಇಡಬಹುದು. ನೋಡುವ ದಿನ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ 8 ನಿಮಿಷ, ನೀರಿನಲ್ಲಿ ತೊಳೆದು ಅಸಿಟೊಕಾರ್ಮೈನ್ ಅಥವಾ ಅಸಿಟೊಆರ್ಸಿನ್. ಬಣ್ಣ ಕಡುವಾಗಿ ಹತ್ತಿದ ತುದಿಯನ್ನು ಮಾತ್ರ ಸ್ಲೈಡ್ ಮೇಲೆ ಉಳಿಸಿ ಉಳಿದದ್ದು ಎಸೆಯಿರಿ. ಕವರ್ ಸ್ಲಿಪ್ ಹಾಕಿ ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಒತ್ತುಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ. ಪಕ್ಕಕ್ಕೆ ಜಾರಿದರೆ ಕೋಶಗಳು ಹೊಸೆದು ಬತ್ತಿಯಾಗ್ತವೆ.

ಕೋಶಗಳು ಒಂದರ ಮೇಲೊಂದು ಗಂಟು ಕಟ್ಟಿದ್ದರೆ ಆಮ್ಲದಲ್ಲಿ ಇಟ್ಟದ್ದು ಕಡಿಮೆ. ನ್ಯೂಕ್ಲಿಯಸ್‌ಗಳು ಪೇಲವವಾಗಿದ್ದರೆ ಜಾಸ್ತಿ. ಈರುಳ್ಳಿಗೆ 16 ವರ್ಣತಂತು, ಎಣಿಸೋಕೆ ವರ್ಣತಂತುಗಳು ಕೋಶದ ನಡುವೆ ಸಾಲುಗಟ್ಟುವ ಮೆಟಾಫೇಸ್ ಹಂತ ಹುಡುಕಿ. ಆಮ್ಲದ ಕೆಲಸಕ್ಕೆ ಕನ್ನಡಕ, ಕೈಗವಸು ಬೇಕು.

ತೊಟ್ಟಿಲು_ಗಾಜು:
ಅಸಿಟೊಕಾರ್ಮೈನ್ ಆದರೆ ತುಕ್ಕು ಹಿಡಿದ ಕಬ್ಬಿಣದ ಸೂಜಿಯಿಂದ ತುದಿಯನ್ನು ಕುಟ್ಟಿ. ಕಬ್ಬಿಣ ಸೇರಿ ಬಣ್ಣ ಕಡುವಾಗುತ್ತೆ. ಇದೊಂದೇ ಕೆಲಸಕ್ಕೆ ತುಕ್ಕು ಸೂಜಿ ಎತ್ತಿಡೋದು.

ತಿಳಿನೀರು:
ಅಳತೆ ಬಗ್ಗೆ ಯಾರೂ ಹೇಳಲಿಲ್ಲ. ಮೈಟೊಕಾಂಡ್ರಿಯವೋ ಬ್ಯಾಕ್ಟೀರಿಯಾವೋ ಅನ್ನೋ ಜಗಳಕ್ಕೆ ಮೊದಲು ಎಷ್ಟು ಮೈಕ್ರಾನ್ ಅಂತ ಗೊತ್ತಾಗಬೇಕು. ಐಪೀಸ್ ಒಳಗಿನ ಅಳತೆಪಟ್ಟಿಯ ಗೆರೆಗಳಿಗೆ ತಮ್ಮದೇ ಬೆಲೆ ಇಲ್ಲ. 1 ಮಿಲಿಮೀಟರನ್ನು 100 ಭಾಗ ಮಾಡಿದ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಹೋಲಿಸಿ. 40ಎಕ್ಸ್‌ನಲ್ಲಿ ಅದರ 10 ಭಾಗ, ಅಂದರೆ 100 ಮೈಕ್ರಾನ್, ಐಪೀಸ್‌ನ 40 ಗೆರೆಗೆ ಸಮ ಬಂದರೆ ಒಂದು ಗೆರೆ 2.5 ಮೈಕ್ರಾನ್. ಪ್ರತಿ ಆಬ್ಜೆಕ್ಟಿವ್‌ಗೂ ಬೇರೆ ಬೇರೆ ಮಾಡಿ ಬರೆದಿಟ್ಟುಕೊಳ್ಳಿ.

ಅಂದಾಜು ಸಾಕು ಅಂದರೆ ಐಪೀಸ್ ಮೇಲಿನ ಫೀಲ್ಡ್ ನಂಬರನ್ನು ಆಬ್ಜೆಕ್ಟಿವ್‌ನಿಂದ ಭಾಗಿಸಿ. 18 ಭಾಗಿಸು 40, ಕ್ಷೇತ್ರದ ಅಗಲ 0.45 ಮಿಲಿಮೀಟರ್.

ಕುತೂಹಲಿ_27:
ಕಂಡೆನ್ಸರ್ ಎತ್ತಿದೆ, ಅಯೋಡಿನ್ ಬಿಟ್ಟೆ, ನೀರು ಹೀರಿ ತೆಗೆದೆ, ರಟ್ಟು ಇಟ್ಟೆ. ಒಳಗೆ ಓಡಾಟ ಕಾಣ್ತಾ ಇದೆ! ಎಳೆಗಳ ಮೇಲೆ ಚುಕ್ಕಿಗಳು ಸಾಲು ಸಾಲು. ಮಂಕು ಕಡ್ಡಿಗಳು ಎರಡು ಮೂರು ಇದ್ದ ಹಾಗಿವೆ, ಖಾತ್ರಿ ಇಲ್ಲ. ಒಂದು ಕಪ್ಪು ಮಚ್ಚೆ ಮಾತ್ರ ಸ್ಲೈಡ್ ಸರಿಸಿದರೂ ಅಲ್ಲಾಡದೆ ಅಲ್ಲೇ ನಿಂತಿದೆ.

ಎಣ್ಣೆತೊಟ್ಟು:
ಐಪೀಸ್ ತಿರುಗಿಸಿ. ಮಚ್ಚೆ ಜೊತೆಗೆ ತಿರುಗಿದರೆ ಐಪೀಸ್ ಮೇಲಿನ ಧೂಳು. ಆಬ್ಜೆಕ್ಟಿವ್ ಬದಲಿಸಿದಾಗ ಮಾಯವಾದರೆ ಅದರದ್ದು. ಕಂಡೆನ್ಸರ್ ಏರಿಳಿಸಿದಾಗ ಚೂಪಾಗಿ, ಮತ್ತೆ ಮಸುಕಾದರೆ ಕೆಳಗಿನ ಗಾಜಿನದ್ದು. ಮೊದಲು ಊದುಬುರುಡೆ, ಆಮೇಲೆ ಲೆನ್ಸ್ ಪೇಪರ್. ಅಂಗಿ ಚುಂಗಿನಿಂದ ಒರೆಸಬೇಡಿ.

ಅಂಚಿನ_ಗೆರೆ:
ಕಡ್ಡಿಯ ಉದ್ದ ದಪ್ಪ ಅಳೆದು ಹಾಕಿ, ಆಮೇಲೆ ಮಾತಾಡೋಣ. ಬಾಗ್ತಾ ಇದೆಯಾ ನೋಡಿ.

ಕುತೂಹಲಿ_27:
ಬಾಗೋದು ನೋಡುವಷ್ಟರಲ್ಲಿ ಅಂಚಿನಿಂದ ನೀರು ಒಣಗಿ ಗಾಳಿ ನುಗ್ಗಿತು. ಓಡಾಟ ನಿಂತುಹೋಯಿತು.

ತೊಟ್ಟಿಲು_ಗಾಜು:
ಹೊಸ ಪೊರೆ ತಗೊಳ್ಳಿ. ಕವರ್ ಸ್ಲಿಪ್‌ನ ನಾಲ್ಕೂ ಅಂಚಿಗೆ ವ್ಯಾಸಲೀನನ್ನು ಕಡ್ಡಿಯಿಂದ ತೆಳ್ಳಗೆ ಎಳೆದು ಮುಚ್ಚಿ, ಬಹಳ ಹೊತ್ತು ಒಣಗದೆ ಇರುತ್ತೆ. 40ರ ಮಸೂರಕ್ಕೆ ಮಾತ್ರ ಅದು ತಾಗದ ಹಾಗೆ ನೋಡಿಕೊಳ್ಳಿ, ಅಂಚಿನ ಹತ್ತಿರ ಹೋಗಲೇಬೇಡಿ.

ಎಣ್ಣೆತೊಟ್ಟು:
ತಾಗಿದರೆ ಲೆನ್ಸ್ ಪೇಪರ್‌ಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್, ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಒಂದೇ ಸಲ. ಆ ಕಾಗದ ಎಸೆದು ಇನ್ನೊಂದು ತಗೊಳ್ಳಿ.

ಕುತೂಹಲಿ_27:
ಕಾಗದ ತೆಗೆದಿಟ್ಟುಕೊಂಡೇ ಶುರುಮಾಡ್ತೀನಿ.